ಕುಂಡದ ಟುಲಿಪ್ ಈ ವರ್ಷ ಬರೀ ಎಲೆ ಬಿಟ್ಟಿದೆ, ಹೂವೇ ಇಲ್ಲ. ಏನು ಮಾಡಲಿ?

ಕಿಟಕಿಗಿಡ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವರ್ಷ ಕಾಲಿನ ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದಾಗ ಅಕ್ಕ ಒಂದು ಕುಂಡ ತಂದುಕೊಟ್ಟಳು. ಅದರಲ್ಲಿ ಐದು ಟುಲಿಪ್. ಹೊರಗೆ ಕಡುಕೆಂಪು. ಒಳಗೆ ಬಗ್ಗಿ ನೋಡಿದರೆ ಬುಡದಲ್ಲಿ ಕಪ್ಪು ಮಚ್ಚೆ, ಅದರ ಸುತ್ತ ಹಳದಿ ಅಂಚು. ಬೆಳಗ್ಗೆ ಕಿಟಕಿಯ ಬಿಸಿಲು ಬಿದ್ದರೆ ಅರಳುತ್ತಿದ್ದವು, ಸಂಜೆ ತಣ್ಣಗಾದರೆ ಮುಚ್ಚಿಕೊಳ್ಳುತ್ತಿದ್ದವು. ಹನ್ನೊಂದು ದಿನ ಇದ್ದವು. ಎಣಿಸಿದ್ದೇನೆ. ಮಲಗಿದ್ದವಳಿಗೆ ಬೇರೆ ಏನು ಕೆಲಸ?

ಆಮೇಲೆ ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳುತ್ತೇನೆ. ಎಸಳು ಉದುರಿದ ಮೇಲೆ ದಂಟಿನ ತುದಿಯಲ್ಲಿ ಮೂರು ಮೂಲೆಯ ಹಸಿರು ಕಾಯಿ ಉಳಿಯಿತು. ಚೆಂದ ಇದೆ ಅಂತ ಹಾಗೇ ಬಿಟ್ಟೆ. ಎರಡು ವಾರಕ್ಕೆ ಎಲೆಗಳು ಜೋತುಬಿದ್ದವು. ನೋಡಲಾಗದೆ ಕತ್ತರಿ ತಂದು ಬುಡಕ್ಕೆ ಕತ್ತರಿಸಿಬಿಟ್ಟೆ. ನೀರು ನಿಲ್ಲಿಸಿದೆ. ಕುಂಡ ಅಟ್ಟ ಸೇರಿತು, ತಿಂಗಳುಗಟ್ಟಲೆ ಅಲ್ಲೇ ಇತ್ತು. ಆಮೇಲೆ ಯಾವಾಗಲೋ, ಟುಲಿಪ್‌ಗೆ ಚಳಿ ಬೇಕು ಅಂತ ಯಾರೋ ಹೇಳಿದ್ದು ನೆನಪಾಯಿತು. ಕುಂಡವನ್ನು ಹಾಗೇ ಎತ್ತಿ ಫ್ರಿಜ್ಜಿನ ಕೆಳಗಿನ ಹಂತದಲ್ಲಿಟ್ಟೆ. ಪಕ್ಕದಲ್ಲೇ ಸೇಬಿನ ಚೀಲ. ಐದು ವಾರ ಇಟ್ಟು ಹೊರಗೆ ತೆಗೆದೆ. ಫ್ರಿಜ್ಜಲ್ಲಿ ಮಣ್ಣು ಯಾಕೆ ಅಂತ ಮನೆಯವರು ದಿನಾ ಕೇಳುತ್ತಿದ್ದರು.

ಈಗ ಮೂರು ಮೊಳಕೆ ಬಂದಿವೆ. ಎರಡರಲ್ಲಿ ಒಂದೊಂದೇ ಅಗಲವಾದ ಎಲೆ, ಅಷ್ಟೇ. ಮೂರನೆಯದರಲ್ಲಿ ಮೂರು ಎಲೆ, ನಡುವೆ ಬಟಾಣಿ ಗಾತ್ರದ ಮೊಗ್ಗು ಬಂತು. ಕುಣಿಯುವುದೊಂದು ಬಾಕಿ. ನಾಲ್ಕೇ ದಿನಕ್ಕೆ ಅದು ಒಣಗಿ ಕಂದು ಕಾಗದದ ಹಾಗಾಯಿತು. ಉಳಿದ ಎರಡು ಗೆಡ್ಡೆಗಳ ಸುದ್ದಿಯೇ ಇಲ್ಲ.

ಗೆಡ್ಡೆ ಸತ್ತಿವೆಯಾ? ಎಲೆ ಮಾತ್ರ ಇನ್ನೂ ಹಸಿರಾಗಿವೆ. ಎಸೆಯಲೋ, ಇಟ್ಟುಕೊಳ್ಳಲೋ? ಮತ್ತೆ ಹೂ ಬಿಡಿಸಿ ಅಕ್ಕನಿಗೆ ಫೋಟೊ ಕಳಿಸಬೇಕು ಅಂತ ಒಂದು ಹಟ ಹಿಡಿದಿದೆ ನನಗೆ.

ನೇರನುಡಿ:

ಎಸೆಯಿರಿ.

ಕುಂಡದಲ್ಲಿ ಹೂ ಸಮೇತ ಸಿಗುವ ಟುಲಿಪ್ ಒಂದು ಸಲದ ಸಂಭ್ರಮಕ್ಕೆ. ಬೆಳೆಸುವವರು ಗೆಡ್ಡೆಗಳನ್ನು ಮೊದಲೇ ಚಳಿಯಲ್ಲಿಟ್ಟು, ಆಮೇಲೆ ಬೆಚ್ಚಗೆ ಇಟ್ಟು, ಬೇಕಾದ ವಾರಕ್ಕೆ ಹೂ ಬರುವ ಹಾಗೆ ಮಾಡಿರುತ್ತಾರೆ. ಅಂಗೈ ಅಗಲದ ಮಣ್ಣಲ್ಲಿ ಐದು ಗೆಡ್ಡೆ ಒತ್ತೊತ್ತಾಗಿ. ಅದರಿಂದ ಎರಡನೇ ವರ್ಷವೂ ಹೂ ಕೇಳಿದರೆ ಎಲ್ಲಿಂದ ತರುತ್ತದೆ? ನೆದರ್‌ಲ್ಯಾಂಡ್ಸ್‌ನ ಕ್ಯೂಕೆನ್‌ಹಾಫ್ ಉದ್ಯಾನದಲ್ಲಿ ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆಗಳನ್ನು ಹೊಸದಾಗಿ ನೆಡುತ್ತಾರೆ. ಅವರಿಗೇ ಹಳೆಯದು ಬೇಡ. ನೀವು ಯಾಕೆ ಒದ್ದಾಡುತ್ತೀರಿ? ಹೊಸ ಗೆಡ್ಡೆ ತನ್ನಿ, ಫೋಟೊ ಕಳಿಸಿ, ಅಕ್ಕನಿಗೆ ಗೊತ್ತಾಗುವುದಿಲ್ಲ.

ಮಣ್ಣುಕೈ:

ಎಸೆಯಬೇಡಿ. ಎಲೆ ಹಸಿರಿರುವಾಗ ಗೆಡ್ಡೆ ಎಸೆಯುವುದು ಅಂದರೆ ಅನ್ನ ಅರ್ಧ ಬೆಂದಾಗ ಒಲೆ ಆರಿಸಿದ ಹಾಗೆ. ನೇರನುಡಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನೀವು ಕೇಳಿದ್ದು ಅದನ್ನಲ್ಲವಲ್ಲ.

ನಾನು ಒಂಬತ್ತು ವರ್ಷದಿಂದ ಟುಲಿಪ್ ಹಿಂದೆ ಬಿದ್ದಿದ್ದೇನೆ. ಬರೆದಿಡಲು ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಹೂ ಬಂದ ಲೆಕ್ಕಕ್ಕಿಂತ ಬರದ ಲೆಕ್ಕವೇ ಅದರಲ್ಲಿ ಜಾಸ್ತಿ. ಮೊದಲ ವರ್ಷ, ಚಳಿ ಬೇಕು ಅಂದರೆ ಇನ್ನೂ ಜಾಸ್ತಿ ಚಳಿ ಇನ್ನೂ ಒಳ್ಳೆಯದು ಅಂದುಕೊಂಡು ಗೆಡ್ಡೆಗಳನ್ನು ಫ್ರೀಜರಿನಲ್ಲಿ ಇಟ್ಟಿದ್ದೆ. ತೆಗೆದಾಗ ಬೇಯಿಸಿದ ಈರುಳ್ಳಿಯ ಹಾಗೆ ಮೆತ್ತಗಾಗಿದ್ದವು. ನೀವು ಬರೆದದ್ದು ಓದಿ ನಗು ಬಂತು, ಅದು ನನ್ನ ಮೇಲೆ.

ಒಂದು ವಿಷಯ ತಿಳಿದುಕೊಳ್ಳಿ. ಅಕ್ಕ ಕೊಟ್ಟ ಆ ಐದು ಗೆಡ್ಡೆಗಳು ಈಗ ಇಲ್ಲವೇ ಇಲ್ಲ. ನೀವು ಕೊಂದಿರಿ ಅಂತಲ್ಲ, ಟುಲಿಪ್ ಇರುವುದೇ ಹಾಗೆ. ಬಾಳೆ ಗೊನೆ ಬಿಟ್ಟ ಮೇಲೆ ತಾಯಿಗಿಡ ಮುಗಿದು ಪಕ್ಕದ ಕಂದು ಉಳಿಯುತ್ತದಲ್ಲ, ಅದೇ ಕಥೆ. ಹೂ ಬಿಡುವ ಗೆಡ್ಡೆ ತನ್ನಲ್ಲಿದ್ದದ್ದನ್ನೆಲ್ಲ ದಂಟಿಗೆ, ಎಲೆಗೆ, ಹೂವಿಗೆ ಕೊಟ್ಟು ಸುಕ್ಕುಗಟ್ಟಿ ಹೋಗುತ್ತದೆ. ಅಷ್ಟರಲ್ಲಿ ಅದರ ಪದರಗಳ ಸಂದಿಯಲ್ಲಿ ಮರಿಗೆಡ್ಡೆಗಳು ಹುಟ್ಟಿರುತ್ತವೆ. ಡ್ಯಾಫೊಡಿಲ್‌ನಲ್ಲಿ ಹೀಗಾಗುವುದಿಲ್ಲ, ಅದರ ಗೆಡ್ಡೆ ವರ್ಷದಿಂದ ವರ್ಷಕ್ಕೆ ಅದೇ ಉಳಿಯುತ್ತದೆ. ಅದಕ್ಕೇ ಡ್ಯಾಫೊಡಿಲ್ ಸಾಕಿದವರು ಟುಲಿಪ್ ಬಗ್ಗೆ ಸಲಹೆ ಕೊಟ್ಟರೆ ಸುಮ್ನೆ ತಲೆಯಾಡಿಸಿ, ಪಾಲಿಸಬೇಡಿ.

ಈಗ ನೋಡಿ, ಮರಿ ಎಷ್ಟು ದಪ್ಪ ಆಯಿತು ಅನ್ನುವುದರ ಮೇಲೆ ಮುಂದಿನ ಹೂ ನಿಂತಿದೆ. ಮರಿ ದಪ್ಪ ಆಗುವುದು ಎಲೆಯಿಂದ. ಹೂ ಮುಗಿದ ಮೇಲೆ ಸುಮಾರು ಆರು ವಾರ ಎಲೆ ಬಿಸಿಲಲ್ಲಿ ಆಹಾರ ಮಾಡಿ ಕೆಳಗೆ ಕಳಿಸುತ್ತದೆ. ನೀವು ಎರಡನೇ ವಾರಕ್ಕೇ ಕತ್ತರಿ ಹಾಕಿದಿರಿ. ಚೆಂದ ಇದೆ ಅಂತ ಬಿಟ್ಟ ಆ ಮೂರು ಮೂಲೆಯ ಕಾಯಿ ಬೀಜದ್ದು. ಮರಿಯ ಪಾಲಿನ ಊಟದಲ್ಲಿ ಅದೂ ಕೈ ಹಾಕಿತು. ಅರೆಹೊಟ್ಟೆಯಲ್ಲಿ ಬೆಳೆದ ಮರಿ ಮಾರನೇ ವರ್ಷ ಒಂದೇ ಒಂದು ಅಗಲ ಎಲೆ ಬಿಡುತ್ತದೆ. ನಿಮ್ಮ ಎರಡರ ಕಥೆ ಅದು. ಗೆಡ್ಡೆ ಬದುಕಿದೆ, ಹೂ ಬಿಡುವ ವಯಸ್ಸಿಗೆ ಬಂದಿಲ್ಲ.

ಮೂರನೆಯದರ ಕಥೆ ಬೇರೆ. ಅದಕ್ಕೆ ಗಾತ್ರ ಇತ್ತು, ಮೊಗ್ಗೂ ಇತ್ತು. ಅದಕ್ಕೆ ಸಾಲದೆ ಹೋದದ್ದು ಚಳಿ. ಟುಲಿಪ್‌ನ ಹುಟ್ಟೂರು ಮಧ್ಯ ಏಷ್ಯಾದ ಟಿಯನ್ ಶಾನ್, ಪಾಮಿರ್ ಬೆಟ್ಟಗಳ ಕಡೆ. ಅಲ್ಲಿ ಚಳಿಗಾಲದಲ್ಲಿ ಹಿಮ, ಆಮೇಲೆ ನಾಲ್ಕು ದಿನದ ವಸಂತ, ಬೇಸಿಗೆಯಲ್ಲಿ ಮಣ್ಣು ಕಾದು ಒಣಕಲು. ಗೆಡ್ಡೆಯ ಒಳಗಿನ ಗಡಿಯಾರ ಇವತ್ತಿಗೂ ಅದೇ ಲೆಕ್ಕದಲ್ಲಿ ಓಡುತ್ತದೆ. ಎಲೆ ಒಣಗಿ ಗೆಡ್ಡೆ ಬೆಚ್ಚಗೆ ಮಲಗಿದ್ದಾಗ ಒಳಗೆ ಪುಟ್ಟ ಹೂ ತಯಾರಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಚಳಿಗೆ ಇಡುವ ಹೊತ್ತಿಗೆ ಒಂದು ದಪ್ಪ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿ. ಅಕ್ಕಿಕಾಳಿನಷ್ಟು ಹೂ ಕಾಣುತ್ತದೆ. ನಾನು ಸೀಳಿದ್ದೇನೆ, ಎರಡು ದಿನ ಬೇಜಾರೂ ಮಾಡಿಕೊಂಡಿದ್ದೇನೆ. ಚಳಿ ಹೂ ಹುಟ್ಟಿಸುವುದಿಲ್ಲ. ಆಗಲೇ ಹುಟ್ಟಿದ ಹೂವನ್ನು ದಂಟಿನ ಮೇಲೆ ಎತ್ತಿ ನಿಲ್ಲಿಸಲು ಚಳಿ ಬೇಕು. ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಬೇಕು, ದಂಟು ಉದ್ದ ಆಗುವ ಶಕ್ತಿ ಬರಬೇಕು. ಅದಕ್ಕೆ 12ರಿಂದ 16 ವಾರ, 2ರಿಂದ 9 ಡಿಗ್ರಿ ಸೆಲ್ಸಿಯಸ್. ನೀವು ಕೊಟ್ಟದ್ದು ಐದು ವಾರ. ಅಟ್ಟದಲ್ಲಿ ಎಲುಬಿನ ಹಾಗೆ ಒಣಗಿದ ಮಣ್ಣು ಬೇರೆ. ಬೇರು ಎಲ್ಲಿ ಬಿಡಬೇಕು ಪಾಪ?

ಈಗ ಮಾಡಬೇಕಾದದ್ದು ಇಷ್ಟು. ಕುಂಡವನ್ನು ಮನೆಯಲ್ಲೇ ಜಾಸ್ತಿ ಬೆಳಕು ಬೀಳುವ, ಆದರೆ ತಂಪಾದ ಜಾಗಕ್ಕೆ ಸರಿಸಿ. ಒಣಗಿದ ಮೊಗ್ಗು ಚಿವುಟಿ ತೆಗೆಯಿರಿ. ಎಲೆ ಮುಟ್ಟಬೇಡಿ, ಗಂಟು ಕಟ್ಟಬೇಡಿ, ಜಡೆ ಹೆಣೆಯಬೇಡಿ. (ಜಡೆ ಹೆಣೆಯುವವರಿದ್ದಾರೆ, ಸತ್ಯವಾಗಿ.) ಮಣ್ಣಿನ ಮೇಲ್ಭಾಗ ಒಣಗಿದಾಗ ನೀರು, ಕೆಳಗಿನ ತಟ್ಟೆಯಲ್ಲಿ ನಿಂತರೆ ಚೆಲ್ಲಿ. ಎರಡು ವಾರಕ್ಕೊಮ್ಮೆ ಪೊಟ್ಯಾಶ್ ಜಾಸ್ತಿ, ಸಾರಜನಕ ಕಮ್ಮಿ ಇರುವ ದ್ರವ ಗೊಬ್ಬರ, ಡಬ್ಬದ ಮೇಲೆ ಬರೆದದ್ದರ ಅರ್ಧ ಅಳತೆ. ಎಲೆ ಹಳದಿಯಾಗಲು ಶುರುವಾದ ದಿನ ಗೊಬ್ಬರ ಬಂದ್. ಆಮೇಲೆ ನೀರೂ ಕಡಿಮೆ ಮಾಡುತ್ತ ನಿಲ್ಲಿಸಿ. ಎಲೆ ಪೂರ್ತಿ ಒಣಗಿ ಎಳೆದರೆ ಕೈಗೆ ಬರುವ ಹಾಗಾದಾಗ ಅಗೆಯಿರಿ. ಆಗ ಬನ್ನಿ, ಮುಂದಿನದು ಹೇಳುತ್ತೇನೆ.

ಕುಂಡದಲ್ಲಿ ಚೀಟಿ ಸಿಕ್ಕಿಸಿದ್ದರೆ ತಳಿ ಯಾವುದು ನೋಡಿ. ಡಾರ್ವಿನ್ ಹೈಬ್ರಿಡ್ ಅಂತಿದ್ದರೆ ಆಸೆ ಇಟ್ಟುಕೊಳ್ಳಬಹುದು, ಅವು ಗಟ್ಟಿ ಜಾತಿ. ಫಾಸ್ಟೀರಿಯಾನಾ, ಕೌಫ್‌ಮನಿಯಾನಾ, ಗ್ರೀಗಿ ಇವೂ ಪರವಾಗಿಲ್ಲ. ಎಸಳು ಹರಿದ ಹಾಗಿರುವ ಪ್ಯಾರಟ್, ತುಂಬು ಎಸಳಿನ ಡಬಲ್ ಆಗಿದ್ದರೆ ನಾನೂ ನೇರನುಡಿಯವರ ಪಕ್ಷ. ನನಗೆ ಕುಂಡದಲ್ಲಿ ಮತ್ತೆ ಮತ್ತೆ ಹೂ ಕೊಟ್ಟದ್ದು ಮಾತ್ರ ಕ್ಲೂಸಿಯಾನಾ ಅನ್ನುವ ಸಣ್ಣ ಕಾಡುಜಾತಿ. ಹೊರಗೆ ಕೆಂಪು, ಒಳಗೆ ಬಿಳಿ. 1594ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ಸಸ್ಯತೋಟದಲ್ಲಿ ಟುಲಿಪ್ ಅರಳಿಸಿದ ಸಸ್ಯವಿಜ್ಞಾನಿ ಕ್ಲೂಸಿಯಸ್‌ನ ಹೆಸರು ಅದಕ್ಕೆ. ಅವನ ತೋಟದಿಂದಲೂ ಗೆಡ್ಡೆ ಕಳುವಾಗಿತ್ತಂತೆ. ನಮ್ಮದು ಫ್ರಿಜ್ಜಿನಲ್ಲಾದರೂ ಭದ್ರವಾಗಿದೆ.

ಎಲೆತೊಟ್ಟು:

ಸೇಬಿನ ಚೀಲ ಅಂತ ಓದಿ ಅಲ್ಲೇ ನಿಂತುಬಿಟ್ಟೆ. ಅದನ್ನು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಹಣ್ಣಾಗುವ ಸೇಬು, ಬಾಳೆ, ಪೇರು ಇವೆಲ್ಲ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಮುಚ್ಚಿದ ಫ್ರಿಜ್ಜಿನಲ್ಲಿ ಅದು ಅಲ್ಲೇ ಸುತ್ತುತ್ತಿರುತ್ತದೆ. ಗೆಡ್ಡೆ ಒಳಗಿನ ಎಳೆ ಹೂವಿಗೆ ಅದು ವಿಷ ಇದ್ದ ಹಾಗೆ. ಎಲೆ ಚೆನ್ನಾಗಿಯೇ ಬರುತ್ತದೆ, ಮೊಗ್ಗು ಒಳಗೇ ಒಣಗಿರುತ್ತದೆ. ನಾನು ಹನ್ನೆರಡು ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಹದಿಮೂರು ವಾರ ಕಾದಿದ್ದೆ, ಪಕ್ಕದ ಡಬ್ಬಿಯಲ್ಲಿ ಪೇರು ಹಣ್ಣು ಇದ್ದದ್ದು ತಲೆಗೇ ಹೋಗಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಕುರುಡು, ಒಂದೂ ಅರಳಲಿಲ್ಲ. ಒಂದು ಮೊಗ್ಗು ಬಿಡಿಸಿ ನೋಡಿದರೆ ಒಳಗೆ ಕೇಸರಗಳು ಸುಟ್ಟ ದಾರದ ಹಾಗಿದ್ದವು. ಈಗ ಗೆಡ್ಡೆ ಒಳಗೆ ಹೋದರೆ ಹಣ್ಣು ಹೊರಗೆ. ಮನೆಯಲ್ಲಿ ಜಗಳ ಆಗುತ್ತದೆ, ಆಗಲಿ.

ಇನ್ನೊಂದು. ಅಗೆಯುವಾಗ ಕೈಗವಸು ಹಾಕಿಕೊಳ್ಳಿ. ಟುಲಿಪ್ ಗೆಡ್ಡೆಯ ರಸಕ್ಕೆ ಕೆಲವರ ಬೆರಳು ಕೆಂಪಾಗಿ ಬಿರುಕು ಬಿಡುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಅವಕ್ಕೆ ಎಟುಕದ ಹಾಗೆ ಇಡಿ. ಅವು ತಿಂದರೆ ವಿಷ.

ಕಿಟಕಿಗಿಡ:

ಏಳು ವಾರ ಆಯಿತು. ಎಲೆ ಪೂರ್ತಿ ಒಣಗಿತು, ನಿನ್ನೆ ಅಗೆದೆ. ಮಣ್ಣುಕೈ ಸರ್, ನೀವು ಹೇಳಿದ ಹಾಗೆ ಕತ್ತರಿಯನ್ನು ಆ ಕೋಣೆಗೇ ತರಲಿಲ್ಲ.

ಸಿಕ್ಕಿದ್ದು ಏಳು. ಹೂ ಕಮರಿದ ಗಿಡದ ಕೆಳಗೆ ಮೂರು ಅಂಟಿಕೊಂಡಿದ್ದವು, ಅದರಲ್ಲಿ ಒಂದು ದಪ್ಪ. ಒಂಟಿ ಎಲೆಯ ಎರಡರ ಕೆಳಗೆ ಒಂದೊಂದು, ಒಂದು ಮಧ್ಯಮ, ಇನ್ನೊಂದು ಸಣ್ಣದು. ಮೊಳಕೆಯೇ ಬರದಿದ್ದ ಕಡೆ ಒಂದು ಗಟ್ಟಿ ಗೆಡ್ಡೆ ಇತ್ತು, ಆಶ್ಚರ್ಯ. ಇನ್ನೊಂದು ಮೆತ್ತಗಾಗಿ ಹುಳಿ ವಾಸನೆ ಬರುತ್ತಿತ್ತು. ದಾರ ಸುತ್ತಿ ಸ್ಕೇಲಿನಲ್ಲಿ ಅಳೆದೆ. ದಪ್ಪದ್ದರ ಸುತ್ತಳತೆ 11 ಸೆಂಟಿಮೀಟರ್, ಮೊಳಕೆ ಬರದಿದ್ದದ್ದು 10, ಮಧ್ಯಮದ್ದು 8. ಉಳಿದವು ಬೆಳ್ಳುಳ್ಳಿ ಎಸಳಿನಷ್ಟು. ಒಂದೆರಡರ ಸಿಪ್ಪೆ ಮೇಲೆ ನೀಲಿ ಬೂಷ್ಟು. ಚೀಟಿ ಕುಂಡದ ಅಡಿಯಲ್ಲಿ ಅಂಟಿತ್ತು, ಡಾರ್ವಿನ್ ಹೈಬ್ರಿಡ್ ಅಂತಲೇ ಇದೆ!

ಈಗಲೇ ಫ್ರಿಜ್ಜಿಗೆ ಹಾಕಿಬಿಡಲಾ? ಸೇಬಿನ ವಿಷಯ ಮನೆಯಲ್ಲಿ ಮಾತಾಡಿ ಆಗಿದೆ.

ಮಣ್ಣುಕೈ:

ಮೊದಲಿಗೆ, ನಾನು ಸರ್ ಅಲ್ಲ. ಇಬ್ಬರು ಮೊಮ್ಮಕ್ಕಳ ಅಜ್ಜಿ. ಹೆಸರು ನೋಡಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಪರವಾಗಿಲ್ಲ.

ಹುಳಿ ವಾಸನೆಯದನ್ನು ಈಗಲೇ ಕಸಕ್ಕೆ ಹಾಕಿ, ಅದು ಮುಟ್ಟಿದ ಮಣ್ಣನ್ನೂ. ಅದು ಕೊಳೆರೋಗ, ಪಕ್ಕದವಕ್ಕೂ ಹತ್ತುತ್ತದೆ. ನೀಲಿ ಬೂಷ್ಟು ಬರೀ ಮೇಲಿನದು. ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಗಟ್ಟಿ ಇದ್ದರೆ ಚಿಂತೆ ಇಲ್ಲ.

ಈಗಲೇ ಫ್ರಿಜ್ಜಿಗೆ ಬೇಡವೇ ಬೇಡ. ಹೂ ಒಳಗೆ ತಯಾರಾಗುವುದು ಈಗ, ಬೆಚ್ಚಗಿರುವಾಗ ಅಂತ ಹೇಳಿದ್ದೆನಲ್ಲ. ಈಗ ಚಳಿಗೆ ತಳ್ಳಿದರೆ ಎತ್ತಿ ನಿಲ್ಲಿಸಲು ಒಳಗೆ ಹೂವೇ ಇರುವುದಿಲ್ಲ. ಗೆಡ್ಡೆಗಳನ್ನು ಒಂದೇ ಪದರದಲ್ಲಿ ಬಲೆ ಚೀಲದಲ್ಲೋ ಕಾಗದ ಹಾಸಿದ ಬುಟ್ಟಿಯಲ್ಲೋ ಹರಡಿ. ಪ್ಲಾಸ್ಟಿಕ್ ಬೇಡ, ಬೆವರಿ ಕೊಳೆಯುತ್ತವೆ. 17ರಿಂದ 20 ಡಿಗ್ರಿ ಇದ್ದರೆ ಬಹಳ ಒಳ್ಳೆಯದು, 25ರ ಒಳಗಾದರೂ ಇರಲಿ. ಅಟ್ಟ ಕಾಯುತ್ತದೆ, ಅಲ್ಲಿ ಬೇಡ. ಗಾಳಿ ಆಡುವ ನೆರಳಿನ ಮೂಲೆ ಸಾಕು. ಎರಡೂವರೆ ಮೂರು ತಿಂಗಳು ಮರೆತುಬಿಡಿ.

10 ಸೆಂಟಿಮೀಟರಿಗಿಂತ ಕಮ್ಮಿ ಇರುವುದರಿಂದ ನಾನು ಹೂ ನಿರೀಕ್ಷಿಸುವುದಿಲ್ಲ. ನಿಮಗೆ ಪಂದ್ಯಕ್ಕೆ ಇಳಿಯುವಂಥವು ಎರಡೇ, 11 ಮತ್ತು 10. ಎಂಟರದ್ದನ್ನೂ ಮರಿಗಳನ್ನೂ ಬೇರೆ ಕುಂಡದಲ್ಲಿ ಸಾಕಿ. ಅವು ಎಲೆ ಬಿಡಲಿ, ತಿನ್ನಲಿ. ಒಂದೆರಡು ವರ್ಷ ಬೇಕು.

ಚಳಿಯ ದಿನಕ್ಕೆ ಹಿಂದಿನಿಂದ ಎಣಿಸಿ. ಹೂ ಯಾವಾಗ ಬೇಕೋ ಅದಕ್ಕೆ 18 ವಾರ ಮೊದಲು ಕುಂಡಕ್ಕೆ ನೆಡಬೇಕು. ಅದರಲ್ಲಿ 14 ವಾರ ಚಳಿ, ಆಮೇಲೆ ಹೊರಗೆ ಬಂದು ಹೂ ಬಿಡಲು ಮೂರು ನಾಲ್ಕು ವಾರ. ಕುಂಡ ಆಳವಾಗಿರಲಿ, ಕೆಳಗೆ ತೂತು ಇರಲಿ, ಮಣ್ಣಿಗೆ ಮೂರರಲ್ಲಿ ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಹರಳು). ಗೆಡ್ಡೆಯ ಒಂದು ಮಗ್ಗುಲು ಚಪ್ಪಟೆ ಇರುತ್ತದೆ, ಅದನ್ನು ಕುಂಡದ ಗೋಡೆ ಕಡೆ ತಿರುಗಿಸಿ. ಮೊದಲ ದೊಡ್ಡ ಎಲೆ ಆ ಕಡೆಗೇ ಬರುತ್ತದೆ. ಹೊರಕ್ಕೆ ಬಾಗಿದರೆ ನೋಡಲೂ ಚೆಂದ, ಒಳಗಿನದಕ್ಕೆ ಬೆಳಕೂ ಸಿಗುತ್ತದೆ. ಒಮ್ಮೆ ನೀರು ಹಾಕಿ, ಬಸಿದ ಮೇಲೆ ಫ್ರಿಜ್ಜಿಗೆ. ಹದಿನೈದು ದಿನಕ್ಕೊಮ್ಮೆ ಬೆರಳಿಟ್ಟು ನೋಡಿ. ಮಣ್ಣು ಹಸಿಯಾಗಿರಬೇಕು, ಕೆಸರಾಗಬಾರದು. ಬೇರು ಬಿಡುವ ಕೆಲಸವೆಲ್ಲ ಆ ಕತ್ತಲಲ್ಲೇ ಆಗುತ್ತದೆ.

ಹೊರಗೆ ತೆಗೆದ ಮೇಲೆ ನೇರ ಬಿಸಿಲಿಗೆ ಇಡಬೇಡಿ. ಒಂದು ವಾರ ಮಬ್ಬು ಬೆಳಕು, ಆಮೇಲೆ ಕಿಟಕಿ. 15ರಿಂದ 18 ಡಿಗ್ರಿಯಲ್ಲಿ ದಂಟು ಚೆನ್ನಾಗಿ ಏಳುತ್ತದೆ. ಸೆಖೆ ಜಾಸ್ತಿಯಾದರೆ ಹೂ ಬೇಗ ಬಂದು ಬೇಗ ಹೋಗುತ್ತದೆ.

ನೇರನುಡಿ:

ಒಂದು ಹೂವಿಗೆ ಇಷ್ಟೆಲ್ಲ! ಆದರೂ ಕೊನೆಗೆ ಏನಾಯಿತು ಅಂತ ಬಂದು ಬರೆಯಿರಿ. ಬರದಿದ್ದರೂ ಬರೆಯಿರಿ.

ಕಿಟಕಿಗಿಡ:

ಬಂದಿದ್ದೇನೆ, ನೇರನುಡಿಯವರೇ.

ಅಮ್ಮಾ, ನೋಟ್‌ಬುಕ್ ನಾನೂ ಇಟ್ಟೆ. 11ರ ಗೆಡ್ಡೆ ಹೂ ಬಿಟ್ಟಿದೆ. ಇವತ್ತಿಗೆ ಐದನೇ ದಿನ. ಅದೇ ಕಡುಕೆಂಪು, ಅದೇ ಕಪ್ಪು ಮಚ್ಚೆ. ಆದರೆ ದಂಟು ಹೋದ ಸಲದ ಅರ್ಧವೂ ಇಲ್ಲ. ಎಲೆಗಳ ಮಡಿಲಲ್ಲಿ ಕೂತ ಹಾಗಿದೆ. 10ರದ್ದು ಮೂರು ಎಲೆ ಬಿಟ್ಟು ಸುಮ್ಮನಾಯಿತು. ಇನ್ನೊಂದು ಕುಂಡದಲ್ಲಿ ಒಂಟಿ ಎಲೆಗಳ ಸಾಲು.

ತಪ್ಪು ಒಪ್ಪಿಕೊಳ್ಳುತ್ತೇನೆ. 14 ವಾರ ಕಾಯಲಿಲ್ಲ. ಹನ್ನೊಂದು ವಾರ ದಾಟಿದಾಗ ಎರಡು ಇಂಚು ಮೊಳಕೆ ಕಂಡಿತು, ತಡೆಯಲಾಗದೆ ಹೊರಗೆ ತೆಗೆದೆ.

ಫೋಟೊ ಕಳಿಸಿದೆ. 'ಹೊಸ ಗಿಡ ತಂದ್ಯಾ?' ಅಂತ ಕೇಳಿದಳು ಅಕ್ಕ.

ಮಣ್ಣುಕೈ:

ಗಿಡ್ಡ ದಂಟು ಆ ಮೂರು ವಾರದ್ದೇ. ಮೊಳಕೆ ಕಂಡರೆ ಚಳಿ ಸಾಕು ಅಂತ ಅರ್ಥ ಅಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೂರನೇ ವರ್ಷದ ಪುಟದಲ್ಲೂ ಇದೇ ತಪ್ಪು ಇದೆ. 10ರದ್ದರ ಎಲೆಗಳಿಗೆ ಈಗಿನಿಂದಲೇ ಗೊಬ್ಬರ ಶುರು ಮಾಡಿ.

ಎಸಳು ಉದುರಿದ ದಿನವೇ ಕಾಯಿ ಚಿವುಟಿಬಿಡಿ. ಈ ಸಲ ಚೆಂದ ಇದೆ ಅಂತ ಬಿಡಬೇಡಿ, ಆಯ್ತಾ? ಅಕ್ಕನಿಗೆ ಬೇಕಾದರೆ ಆ ಸುಕ್ಕುಗಟ್ಟಿದ ಹಳೇ ಸಿಪ್ಪೆಯ ಫೋಟೊ ಕಳಿಸಿ.